ಶಾಲೆ ಸಿಗದೆ ಉಳಿದವರ ಲೆಕ್ಕ

ಮಾನ್ಯರೇ,

ಓದಿದವರಿಗೆ ಸಂಬಳ ಜಾಸ್ತಿ. ಆದರೆ ಅದು ಓದಿನಿಂದಲೇ ಬಂದದ್ದೋ, ಅನುಕೂಲಸ್ಥರ ಮಕ್ಕಳೇ ಹೆಚ್ಚು ಓದುವುದರಿಂದ ಹಾಗೆ ಕಾಣುತ್ತದೋ? ಗಣಿತ ಮೇಷ್ಟ್ರಾಗಿದ್ದ ನನಗೆ ಇದಕ್ಕೆ ಸಿಕ್ಕ ಗಟ್ಟಿ ಉತ್ತರ ಎಸ್ತರ್ ಡುಫ್ಲೊ ಅವರದು. 2019ರ ಅರ್ಥಶಾಸ್ತ್ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೊಬ್ಬರು.

1973ರಿಂದ ಐದಾರು ವರ್ಷಗಳಲ್ಲಿ ಇಂಡೊನೇಷ್ಯಾ ಸರ್ಕಾರ ತೈಲದ ಹಣದಲ್ಲಿ 61 ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿಸಿತು. ಶಾಲೆಗೆ ಹೋಗದ ಮಕ್ಕಳು ಹೆಚ್ಚಿದ್ದ ಕಡೆ ಹೆಚ್ಚು ಶಾಲೆ. 1974ರಲ್ಲಿ 2ರಿಂದ 6 ವರ್ಷದವರಿಗೆ ಅದು ದಕ್ಕಿತು, 12 ದಾಟಿದವರಿಗೆ ತಪ್ಪಿತು. ಓದಿನಲ್ಲಿ, ಸಂಬಳದಲ್ಲಿ ಈ ಎರಡು ಗುಂಪುಗಳ ನಡುವಿನ ಅಂತರ ಹೆಚ್ಚು ಶಾಲೆ ಬಂದ ಜಿಲ್ಲೆಗಳಲ್ಲಿ ಎಷ್ಟು, ಕಡಿಮೆ ಬಂದಲ್ಲಿ ಎಷ್ಟು? ಡುಫ್ಲೊ ಒಂದರಿಂದ ಇನ್ನೊಂದನ್ನು ಕಳೆದರು. ಎರಡು ಸಲ ವ್ಯವಕಲನ, ಅಷ್ಟೇ! 2001ರಲ್ಲಿ ಪ್ರಕಟವಾದ ಉತ್ತರ ಇದು: ಒಂದು ವರ್ಷ ಹೆಚ್ಚು ಓದಿದರೆ ಸಂಬಳ ಶೇ 6.8ರಿಂದ 10.6ರಷ್ಟು ಹೆಚ್ಚು. ಲೆಕ್ಕ ಗಂಡಸರದ್ದು ಮಾತ್ರ. ಹೆಣ್ಣುಮಕ್ಕಳು ಅದರಲ್ಲಿಲ್ಲ ಎನ್ನುವುದು ನನಗೆ ಕಸಿವಿಸಿ.

ಎಲ್ಲರೂ ಇಲ್ಲಿಗೇ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. 2004ರಲ್ಲಿ ಡುಫ್ಲೊ ಅವರೇ ಮುಂದಿನ ಪ್ರಶ್ನೆ ಕೇಳಿದರು: ಶಾಲೆ ತಪ್ಪಿದ ಹಿರಿಯರು ಏನಾದರು? ದುಡಿಯುವವರಲ್ಲಿ ಪ್ರಾಥಮಿಕ ಶಾಲೆ ಮುಗಿಸಿದವರ ಪಾಲು ನೂರಕ್ಕೆ 10ರಷ್ಟು ಏರಿದಾಗ ಹಿರಿಯರ ಸಂಬಳ ಸುಮಾರು ಶೇ 4ರಿಂದ 10ರಷ್ಟು ತಗ್ಗಿತ್ತು. ಓದಿದ ಹುಡುಗರು ಬಂದ ವೇಗದಲ್ಲಿ ಆ ಜಾಗಕ್ಕೆ ಬಂಡವಾಳ ಬರಲಿಲ್ಲ ಎಂಬುದು ಅವರ ವಿವರಣೆ. ಮಕ್ಕಳ ನಡುವಿನ ಅಸಮಾನತೆ ಇಳಿಸಲು ಹೊರಟ ಯೋಜನೆಯ ಬಿಸಿ, ಮೊದಲೇ ಅವಕಾಶ ಸಿಗದವರಿಗೆ ತಟ್ಟಿತು. ಶಾಲೆ ಬೇಡ ಅಂತ ಇದರರ್ಥ ಅಲ್ಲವೇ ಅಲ್ಲ.

ನಿವೃತ್ತಿಯ ನಂತರ ಸಂಜೆ ಹೊತ್ತು ದೊಡ್ಡವರಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ. ಅವರಿಗೆ ಬೇಕಿರುವುದು ಸಂಬಳದ ಚೀಟಿ ಓದುವುದು, ಓವರ್‌ಟೈಮ್ ಎಷ್ಟಾಯಿತು ಎಂದು ತಾವೇ ಕೂಡುವುದು, ಹೊಸ ಯಂತ್ರದ ಅಳತೆ ಅರ್ಥ ಮಾಡಿಕೊಳ್ಳುವುದು. ಇಂಥ ತರಗತಿಗಳನ್ನು ಸರ್ಕಾರಗಳು ದಾನಧರ್ಮದಂತೆ ನೋಡುತ್ತವೆ. ಸುಮ್ನೆ ನಾಲ್ಕು ದಿನ ನಡೆಸಿ, ಪ್ರಮಾಣಪತ್ರ ಕೊಟ್ಟು, ಫೋಟೊ ತೆಗೆಸಿಕೊಂಡರೆ ಮುಗಿಯಿತು. ಹೊಸ ಶಾಲೆಗೆ ಹಣ ಇಡುವಾಗ ಅದೇ ಲೆಕ್ಕದಲ್ಲಿ, ಅದೇ ಊರಿನ ದೊಡ್ಡವರ ಸಂಜೆ ತರಗತಿಗೂ ಹಣ ಇಡಬೇಕು. ಪೂರ್ತಿ ಸಂಬಳದ ಮೇಷ್ಟ್ರನ್ನೂ ಕೊಡಬೇಕು.

– ಒಬ್ಬ ನಿವೃತ್ತ ಗಣಿತ ಶಿಕ್ಷಕ