ಗಣಿತದ ಮೇಷ್ಟ್ರು ಗ್ರಂಥಾಲಯಕ್ಕೆ ಬಂದದ್ದು

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. "ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಈಗ ಲೈಬ್ರರಿ ಸೈನ್ಸ್‌ಗೆ ಸೇರಿದ್ದೀನಲ್ಲ, ಅಷ್ಟು ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತೇನಮ್ಮ?" ಅಂದೆ. ಮದುವೆ ಮನೆಯಲ್ಲಿ ನಂಟರೊಬ್ಬರು ನಿನ್ನ ಮುಂದೆ ಆಡಿದ ಮಾತು ಅದು, ನನಗೆ ಗೊತ್ತು. ಫೋನಿನಲ್ಲೇ ಉತ್ತರ ಕೊಟ್ಟಿದ್ದರೆ ಬರೀ ಸಮಾಧಾನದ ಮಾತಾಗುತ್ತಿತ್ತು. ಇದಕ್ಕೆ ಸಾವಕಾಶವಾಗಿ ಹೇಳಬೇಕಾದ ಉತ್ತರ ಇದೆ.

ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಅವರ ಹೆಸರು ನಿನಗೆ ಮೊದಲ ವಾರದ ಪಾಠದಲ್ಲೇ ಬಂದಿರುತ್ತದೆ. ಗ್ರಂಥಾಲಯ ಹೇಗಿರಬೇಕೆಂದು ಅವರು ಹೇಳಿದ ಐದು ಸೂತ್ರಗಳನ್ನು ಪರೀಕ್ಷೆಗೆಂದು ಬಾಯಿಪಾಠವನ್ನೂ ಮಾಡಿರುತ್ತೀಯ. ಪ್ರತಿ ವರ್ಷ ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಅಂತ ಅವರ ಫೋಟೋಗೆ ಹಾರ ಹಾಕುತ್ತೇವೆ, ಎರಡು ಭಾಷಣ ಆಗುತ್ತದೆ, ಉಪ್ಪಿಟ್ಟು ತಿಂದು ಮನೆಗೆ ಬರುತ್ತೇವೆ. ಆದರೆ ಆ ಫೋಟೋದಲ್ಲಿರುವವರು ನಿನ್ನ ಹಾಗೆಯೇ ಗಣಿತದಿಂದ ಬಂದವರು, ಬಂದ ಮೇಲೆ ವಾಪಸು ಹೋಗಿಬಿಡುತ್ತೇನೆ ಎಂದು ಹಟ ಹಿಡಿದವರು. ಇದನ್ನು ಯಾರೂ ಭಾಷಣದಲ್ಲಿ ಒತ್ತಿ ಹೇಳುವುದಿಲ್ಲ.

ಹುಟ್ಟಿದ್ದು 1892ರಲ್ಲಿ, ತಂಜಾವೂರು ಸೀಮೆಯ ಶೀಯಾಳಿಯಲ್ಲಿ. ಆರನೇ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತದ ಪ್ರಾಧ್ಯಾಪಕರು ಸಿಕ್ಕರು, ಕೊನೆಯವರೆಗೂ ಅವರನ್ನೇ ಗುರು ಎಂದರು. 1916ರಲ್ಲಿ ಎಂ.ಎ. ಮುಗಿಸಿ, ಮರುವರ್ಷ ಪಾಠ ಹೇಳಲು ಸೇರಿದ್ದು ಎಲ್ಲಿಗೆ ಗೊತ್ತೇ? ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಹಂಪನಕಟ್ಟೆಯಲ್ಲಿ ಈಗ ಯೂನಿವರ್ಸಿಟಿ ಕಾಲೇಜು ಅನ್ನುತ್ತಾರಲ್ಲ, ಅದೇ. ಅಲ್ಲಿಂದ ಕೊಯಮತ್ತೂರು, 1921ಕ್ಕೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಮೇಷ್ಟ್ರ ಕೆಲಸ ಅವರಿಗೆ ಪ್ರಾಣವಾಗಿತ್ತು.

ಆಗ ಮದ್ರಾಸ್ ವಿಶ್ವವಿದ್ಯಾಲಯ ತನ್ನ ಮೊದಲ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆಯಿತು. ಸಂಬಳ ಚೆನ್ನಾಗಿತ್ತು. ಮೇಷ್ಟ್ರ ಸಂಬಳದಲ್ಲಿ ಸಂಸಾರ ತೂಗಿಸುವುದು ಕಷ್ಟವಿತ್ತು. ಜೊತೆಯವರು ಒತ್ತಾಯಿಸಿದರು, ಇವರು ಅರ್ಜಿ ಹಾಕಿದರು. ಒಂಬೈನೂರು ಜನ ಹಾಕಿದ್ದರಂತೆ. ಗ್ರಂಥಾಲಯದ ಬಗ್ಗೆ ಇವರಿಗಿದ್ದ ಜ್ಞಾನವೆಂದರೆ ಸಂದರ್ಶನಕ್ಕೆ ಮೊದಲು ವಿಶ್ವಕೋಶದಲ್ಲಿ ಓದಿಕೊಂಡಿದ್ದ ಒಂದು ಲೇಖನ ಮಾತ್ರ. ಆದರೂ ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಸೇರಿದರು.

ಸೇರಿದ ಮೇಲೆ ಆ ಮೌನ ಅವರಿಗೆ ತಡೆಯಲಾಗಲಿಲ್ಲ. ತರಗತಿ ತುಂಬ ಹುಡುಗರ ನಡುವೆ ಇದ್ದವರು, ಇಲ್ಲಿ ಕಪಾಟುಗಳ ನಡುವೆ ಒಬ್ಬರೇ. ಓದಲು ಬರುವವರೂ ಬೆರಳೆಣಿಕೆಯಷ್ಟು. ಕೆಲವೇ ವಾರಗಳಲ್ಲಿ ಹಳೆಯ ಕಾಲೇಜಿಗೆ ಹೋಗಿ, ನನ್ನನ್ನು ಗಣಿತಕ್ಕೇ ವಾಪಸು ಕರೆಸಿಕೊಳ್ಳಿ ಎಂದು ಬೇಡಿಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು: ಇಂಗ್ಲೆಂಡಿಗೆ ಹೋಗಿ ಈ ವಿದ್ಯೆ ಏನೆಂದು ನೋಡಿಕೊಂಡು ಬನ್ನಿ, ಬಂದ ಮೇಲೂ ಬೇಡವೆನಿಸಿದರೆ ಗಣಿತದ ಹುದ್ದೆ ಇದ್ದೇ ಇದೆ.

ಪುಟ್ಟಿ, ಇಲ್ಲಿಯವರೆಗಿನ ಕಥೆಯಲ್ಲಿ ನಿನ್ನ ಮುಖವೇ ಕಾಣುತ್ತದೆ ನನಗೆ. ಇನ್ನು ಮುಂದಿನದೇ ನಾನು ಹೇಳಬೇಕೆಂದಿರುವುದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಪಾಲನೆಯ ಶಾಲೆಗೆ ಸೇರಿದರು. ಅಲ್ಲಿ ವರ್ಗೀಕರಣ, ಅಂದರೆ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವುದನ್ನು, ಕಲಿಸುತ್ತಿದ್ದವರು ಬರ್ವಿಕ್ ಸೇಯರ್ಸ್, ಕ್ರಾಯ್ಡನ್ ಊರಿನ ಗ್ರಂಥಾಲಯದ ಮುಖ್ಯಸ್ಥರು. ಅವರ ಮಾರ್ಗದರ್ಶನದಲ್ಲಿ ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ಕೂಲಿಕಾರರು, ಹೆಂಗಸರು, ಮಕ್ಕಳು, ಎಲ್ಲರೂ ಬಂದು ತಾವೇ ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಹೋಗುವುದನ್ನು ಕಣ್ಣಾರೆ ಕಂಡರು. ಅದರ ಜೊತೆಗೆ ಅವರೊಳಗಿನ ಗಣಿತದ ಮೇಷ್ಟ್ರಿಗೆ ಒಂದು ಸಮಸ್ಯೆಯೂ ಸಿಕ್ಕಿತು. ಗ್ರಂಥಾಲಯಗಳಲ್ಲಿ ಪುಸ್ತಕ ವಿಂಗಡಿಸಲು ಬಳಸುವ ಡ್ಯೂಯಿ ಪದ್ಧತಿಯಲ್ಲಿ ಜ್ಞಾನವನ್ನೆಲ್ಲ ಮೊದಲೇ ಹಂಚಿ, ಒಂದೊಂದು ವಿಷಯಕ್ಕೂ ಸಿದ್ಧವಾದ ಒಂದು ಅಂಕಿ ಕೊಟ್ಟಿರುತ್ತಾರೆ. ನಾಳೆ ಯಾರೂ ಯೋಚಿಸದ ಹೊಸ ವಿಷಯ ಬಂದರೆ? ಎರಡು ಮೂರು ವಿಷಯ ಕೂಡಿದ ಪುಸ್ತಕ ಬಂದರೆ? ಅದಕ್ಕೆ ಜಾಗವಿಲ್ಲ.

ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆಯನ್ನು ಜೋಡಿಸಿ ತೋರಿಸುತ್ತಿದ್ದುದನ್ನು ನೋಡಿದಾಗ ಉತ್ತರ ಹೊಳೆಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಅದೇ ಪಟ್ಟಿಗಳು, ಅವೇ ನಟ್ಟು ಬೋಲ್ಟುಗಳು, ಜೋಡಿಸುವ ಕ್ರಮ ಬದಲಾದರೆ ಬೇರೆ ಆಟಿಕೆ. ವಿಷಯಗಳನ್ನೂ ಬಿಡಿ ಭಾಗಗಳಾಗಿ ಒಡೆದಿಟ್ಟು, ಪುಸ್ತಕ ಬಂದಾಗ ಬೇಕಾದ್ದನ್ನು ಜೋಡಿಸಿದರಾಯಿತು! ಜೋಡಿಸುವುದಕ್ಕೆ ಬಳಸಿದ ಚಿಹ್ನೆ ಕೋಲನ್ (:). 1925ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲಿದ್ದ ಪುಸ್ತಕಗಳ ಮೇಲೇ ಅದನ್ನು ಪ್ರಯೋಗಿಸಿ ನೋಡಿದರಂತೆ. ಅದು 'ಕೋಲನ್ ಕ್ಲಾಸಿಫಿಕೇಷನ್' ಎಂಬ ಪುಸ್ತಕವಾಗಿ ಬಂದದ್ದು 1933ರಲ್ಲಿ. ಗಣಿತದ ಹುದ್ದೆ ಕೇಳಲು ಅವರು ಮತ್ತೆ ಹೋಗಲೇ ಇಲ್ಲ.

ಒಂದು ಉದಾಹರಣೆ ನಿನ್ನ ಪಠ್ಯದಲ್ಲೇ ಇರುತ್ತದೆ. 1950ರ ದಶಕದಲ್ಲಿ ಭಾರತದಲ್ಲಿ ನಡೆದ, ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆಯ ಕುರಿತ ಸಂಶೋಧನೆ. ವೈದ್ಯಶಾಸ್ತ್ರ, ಶ್ವಾಸಕೋಶ, ಕ್ಷಯ, ಚಿಕಿತ್ಸೆ, ಎಕ್ಸ್-ರೇ, ಸಂಶೋಧನೆ, ಭಾರತ, ದಶಕ. ಒಂದೊಂದಕ್ಕೂ ಒಂದು ಗುರುತು, ಎಲ್ಲ ಸೇರಿ ಒಂದು ವರ್ಗಸಂಖ್ಯೆ. ಇದನ್ನು ನೀನು ಬಾಯಿಪಾಠ ಮಾಡಬೇಡ, ಗಣಿತದವಳಾಗಿ ನೋಡು. ತಲದ ಮೇಲಿನ ಒಂದು ಬಿಂದುವನ್ನು ಎರಡು ನಿರ್ದೇಶಾಂಕಗಳಿಂದ ಹಿಡಿಯುತ್ತೀಯಲ್ಲ, ರಂಗನಾಥನ್ ಒಂದು ಪುಸ್ತಕದ ವಿಷಯವನ್ನು ವ್ಯಕ್ತಿತ್ವ (ಅಂದರೆ ವಿಷಯದ ತಿರುಳು), ವಸ್ತು, ಶಕ್ತಿ, ದೇಶ, ಕಾಲ ಎಂಬ ಐದರಿಂದ ಹಿಡಿದರು. ಗಣಿತ ಬಿಟ್ಟುಬಂದವರು ಮಾಡುವ ಕೆಲಸವೇ ಇದು? ಅವರು ಅದನ್ನು ಜೊತೆಯಲ್ಲೇ ತಂದಿದ್ದರು.

ಐದು ಸೂತ್ರಗಳೂ ಹಾಗೆಯೇ ಹುಟ್ಟಿದವು. ಇಂಗ್ಲೆಂಡಿನಲ್ಲಿ ನೂರಾರು ಪದ್ಧತಿ ನೋಡಿದ್ದರು. ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂಬ ನಿಯಮಗಳು ರಾಶಿ ಬಿದ್ದಿದ್ದವು, ಅವುಗಳ ಬುಡದಲ್ಲಿ ಏನಿದೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಕೆಲವೇ ಸ್ವಯಂಸಿದ್ಧಗಳಿಂದ ಉಳಿದೆಲ್ಲ ಪ್ರಮೇಯ ಹೊರಡುವ ಶಾಸ್ತ್ರ ಓದಿದವರಿಗೆ ಇದು ಕಾಡದೆ ಇರುತ್ತದೆಯೇ? ವರ್ಷಗಟ್ಟಲೆ ಕಾಡಿತು. 1928ರಲ್ಲಿ ಒಂದು ದಿನ ಅದೇ ರಾಸ್ ಮೇಷ್ಟ್ರ ಹತ್ತಿರ ಈ ತಳಮಳ ತೋಡಿಕೊಂಡಾಗ, ನಿನ್ನ ಮೊದಲ ಸೂತ್ರ ಪುಸ್ತಕಗಳು ಬಳಕೆಗಾಗಿ ಎಂಬುದಲ್ಲವೇ ಎಂದು ಅವರೇ ಎತ್ತಿಕೊಟ್ಟರಂತೆ. ಉಳಿದ ನಾಲ್ಕು ಹಿಂದೆಯೇ ಬಂದವು. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸು. ಗ್ರಂಥಾಲಯ ಬೆಳೆಯುವ ಜೀವಿ. ಪುಸ್ತಕರೂಪದಲ್ಲಿ ಬಂದದ್ದು 1931ರಲ್ಲಿ.

ಮೊದಲ ಸೂತ್ರ ಓದಿ, ಇದರಲ್ಲೇನಿದೆ ಎಂದು ನಿನಗೂ ಅನಿಸಿರಬಹುದು. ನಾನು ಶಾಖಾ ಗ್ರಂಥಾಲಯದಲ್ಲಿ ಕೂತು ಇಷ್ಟು ವರ್ಷವಾದ ಮೇಲೆ ಹೇಳುತ್ತೇನೆ, ಐದರಲ್ಲಿ ಪಾಲಿಸಲು ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಪುಸ್ತಕ ಕಳೆದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೋ ಎಂಬ ಹೆದರಿಕೆಗೆ ಬೀರುವಿಗೆ ಬೀಗ ಹಾಕಿ, ಬಂದ ಪುಸ್ತಕಗಳನ್ನು ಬರೆದಿಡುವ ಪರಿಗ್ರಹಣ ವಹಿಯನ್ನು ಮಾತ್ರ ಅಚ್ಚುಕಟ್ಟಾಗಿ ಇಟ್ಟ ಎಷ್ಟು ಕಡೆ ನೋಡಿದ್ದೇನೆ! ಪುಸ್ತಕ ಹೊಸದಾಗಿಯೇ ಇರುತ್ತದೆ, ಹುಳು ಮಾತ್ರ ಓದಿರುತ್ತದೆ. ಆ ಸೂತ್ರವನ್ನು ನಿಜವಾಗಿ ನಂಬಿದರೆ ಬಾಗಿಲು ತೆರೆಯುವ ಹೊತ್ತು, ಕಪಾಟಿನ ಎತ್ತರ, ಕಟ್ಟಡದ ಜಾಗ, ಸಿಬ್ಬಂದಿಯ ಮುಖಭಾವ ಎಲ್ಲ ಬದಲಾಗಬೇಕಾಗುತ್ತದೆ. ರಂಗನಾಥನ್ ಮದ್ರಾಸಿನಲ್ಲಿ ಬದಲಾಯಿಸಿದರು. ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು, ದಿನಕ್ಕೆ ಹದಿಮೂರು ಗಂಟೆ ಬಾಗಿಲು ತೆರೆಸಿದರು. ಗ್ರಂಥಾಲಯಕ್ಕೆ ಬರಲಾರದವರ ಬಳಿಗೆ ಪುಸ್ತಕವೇ ಹೋಗಲೆಂದು 1931ರಲ್ಲಿ ಮನ್ನಾರ್‌ಗುಡಿಯ ಕಡೆ ಎತ್ತಿನ ಗಾಡಿಯ ಗ್ರಂಥಾಲಯವೂ ಹೊರಟಿತು, ಅದರ ಉದ್ಘಾಟನೆ ಮಾಡಿದವರು ಇವರೇ.

ಒಂದು ಮಾತು ತಾಯಿಯಾಗಿ. ಇಪ್ಪತ್ತು ವರ್ಷ ಅವರು ರಜೆಯೇ ಹಾಕದೆ ದುಡಿದರು ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಆ ಹೆಮ್ಮೆಯಿಲ್ಲ. 1928ರಲ್ಲೇ, ಸೂತ್ರಗಳು ರೂಪುಗೊಂಡ ಆ ವರ್ಷವೇ, ಮೊದಲ ಹೆಂಡತಿ ರುಕ್ಮಿಣಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ಮದುವೆಯಾದರು. ರಜೆಯಿಲ್ಲದ ಗಂಡನ ಸಂಸಾರವನ್ನು ಯಾರು ನಡೆಸಿದರು ಎಂದು ಹೆಂಗಸರಾದ ನಮಗೆ ಬೇರೆ ಹೇಳಬೇಕಾಗಿಲ್ಲ. ಅದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಮುಂದೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿ ಕೊಟ್ಟು ಪೀಠ ಸ್ಥಾಪಿಸಿದಾಗ ಅದಕ್ಕೆ ಶಾರದಾ ಹೆಸರನ್ನು ಸೇರಿಸಿದರು, 1961ರ ದತ್ತಿಗೂ ಅದೇ ಹೆಸರು. ನೀನು ಮಾತ್ರ ಭಾನುವಾರ ರಜೆ ತಗೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

1945ರಲ್ಲಿ ಮದ್ರಾಸ್ ಬಿಟ್ಟರು. ಹೊಸ ಕುಲಪತಿಗಳ ಜೊತೆ ಹೊಂದಿಕೆಯಾಗಿರಲಿಲ್ಲ. ರಾಧಾಕೃಷ್ಣನ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಕರೆದರು. ಐವತ್ತು ದಾಟಿದ ಮನುಷ್ಯ ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಹೊಸದಾಗಿ ವರ್ಗೀಕರಿಸಿದರು. ಆಮೇಲೆ ದಿಲ್ಲಿ, ಆಮೇಲೆ ಎರಡು ವರ್ಷ ಜ್ಯೂರಿಕ್.

1957ರಲ್ಲಿ ಬೆಂಗಳೂರಿಗೆ ಬಂದರು. ಪದ್ಮಶ್ರೀ ಬಂದದ್ದೂ ಅದೇ ವರ್ಷ. ಅರವತ್ತೈದು ವಯಸ್ಸು, ವಿಶ್ರಾಂತಿಗೆಂದು ಬಂದಿರಬೇಕು ಅಂದುಕೊಳ್ಳುತ್ತೀಯ. ಐದು ವರ್ಷದಲ್ಲಿ, 1962ರಲ್ಲಿ, ಮಹಾಲನೋಬಿಸ್ ಅವರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಸರೆಯಲ್ಲಿ ಡಿ.ಆರ್.ಟಿ.ಸಿ. (ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್) ಶುರುಮಾಡಿದರು. ಸಂಖ್ಯಾಶಾಸ್ತ್ರದ ಸಂಸ್ಥೆಯ ಒಳಗೆ ಗ್ರಂಥಾಲಯ ವಿಜ್ಞಾನದ ಕೇಂದ್ರ! ನಿನ್ನ ನಂಟರಿಗೆ ಇದನ್ನು ಹೇಳು. ಕಾರ್ಖಾನೆಗಳಿಗೂ ಪ್ರಯೋಗಾಲಯಗಳಿಗೂ ಬೇಕಾದ ಮಾಹಿತಿಯನ್ನು ಹೊತ್ತಿಗೆ ಸರಿಯಾಗಿ ಹುಡುಕಿಕೊಡುವವರನ್ನು ತಯಾರುಮಾಡುವುದು ಅದರ ಕೆಲಸ. ನೀಲಮೇಘನ್, ಗೋಪಿನಾಥ್ ಮುಂತಾದವರು ಅಲ್ಲಿ ಅವರ ಜೊತೆ ದುಡಿದರು. ಮೈಸೂರು ರಸ್ತೆಯಲ್ಲಿ ಆ ಕೇಂದ್ರ ಇವತ್ತಿಗೂ ಇದೆ, ಗಣಿತದವರನ್ನೂ ಸಂಖ್ಯಾಶಾಸ್ತ್ರದವರನ್ನೂ ನೆರೆಮನೆಯಲ್ಲೇ ಇಟ್ಟುಕೊಂಡು.

ನಮ್ಮ ಅನ್ನದ ಋಣವೂ ಅವರದೇ. ಎಲ್ಲರಿಗೂ ಉಚಿತವಾಗಿ ಪುಸ್ತಕ ಸಿಗಬೇಕಾದರೆ ದಾನಿಗಳ ಮನಸ್ಸನ್ನು ನಂಬಿ ಕೂರಲಾಗದು, ಕಾನೂನು ಬೇಕು, ಕರ ಬೇಕು ಎಂದು 1930ರಲ್ಲೇ ಮಾದರಿ ಮಸೂದೆ ಬರೆದಿದ್ದರು. ಮದ್ರಾಸಿನಲ್ಲಿ 1948ರಲ್ಲಿ ಅದು ಕಾಯಿದೆಯಾಯಿತು. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಲ್ಲಿ ಬಂತು, ಅದರ ಹಿಂದೆಯೂ ಅವರ ದುಡಿಮೆಯಿದೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಅದು ಈ ಕಾಯಿದೆಯಿಂದ. ನನ್ನ ಸಂಬಳ, ನಿನ್ನ ಸ್ಕೂಲ್ ಫೀಸು, ಎಲ್ಲ ಅದರಿಂದಲೇ ಬಂದದ್ದು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಅವರ ಕೋಲನ್ ಪದ್ಧತಿ ಗೆಲ್ಲಲಿಲ್ಲ ಎಂದು ನಿಮ್ಮ ತರಗತಿಯಲ್ಲಿ ಯಾರಾದರೂ ಹೇಳಿದರೆ ಜಗಳಕ್ಕೆ ಹೋಗಬೇಡ, ಅದು ನಿಜ. ಅದರ ಸಂಖ್ಯೆಗಳು ಉದ್ದ, ಪುಸ್ತಕದ ಬೆನ್ನಿನ ಚೀಟಿಯಲ್ಲಿ ಹಿಡಿಸುವುದಿಲ್ಲ. ಆವೃತ್ತಿಯಿಂದ ಆವೃತ್ತಿಗೆ ನಿಯಮಗಳೂ ಬದಲಾದವು. ನಮ್ಮ ಶಾಖೆಯಲ್ಲೂ ಇರುವುದು ಡ್ಯೂಯಿಯೇ. ಆದರೆ ನೀನು ಆನ್‌ಲೈನ್‌ನಲ್ಲಿ ಚೂಡಿದಾರ್ ಹುಡುಕುವಾಗ ಬಣ್ಣ, ಅಳತೆ, ಬಟ್ಟೆ, ಬೆಲೆ ಎಂದು ಒಂದೊಂದೇ ಆರಿಸಿಕೊಂಡು ಹೋಗುತ್ತೀಯಲ್ಲ, ಒಂದು ವಸ್ತುವನ್ನು ಹಲವು ಮುಖಗಳಿಂದ ಹಿಡಿಯುವ ಆ ವಿಚಾರವನ್ನು ಶಾಸ್ತ್ರವಾಗಿ ಕಟ್ಟಿದವರು ಇವರು. ಕಪಾಟಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಜಾಗ, ಕಂಪ್ಯೂಟರಿನಲ್ಲಿ ಆ ಕಟ್ಟಿಲ್ಲ. ಆ ಪದ್ಧತಿಗೆ ತಕ್ಕ ಯಂತ್ರ ತಡವಾಗಿ ಬಂತು ಅಂತಲೇ ನನ್ನ ನಂಬಿಕೆ.

ನಿನ್ನ ಪ್ರಬಂಧಕ್ಕೆ ವಿಷಯ ಸಿಕ್ಕಿಲ್ಲ ಅಂದಿದ್ದೆಯಲ್ಲ, ನನ್ನ ಮೇಜಿನ ಮೇಲೆ ಒಂದು ಬಿದ್ದಿದೆ. ನಮ್ಮ ಕ್ಯಾಟಲಾಗ್ ಕಂಪ್ಯೂಟರಿಗೆ ಹೋಗಿದೆ, ಆದರೆ ಕನ್ನಡದಲ್ಲಿ ಹುಡುಕಿದರೆ ಪುಸ್ತಕ ಸಿಗುವುದಿಲ್ಲ. ರೈತರೊಬ್ಬರು ಬಂದು ರಾಗಿ ಬೆಳೆ ಎಂದು ಹುಡುಕುತ್ತಾರೆ, ಪುಸ್ತಕದ ಮೇಲೆ ರಾಗಿಯ ಬೇಸಾಯ ಎಂದಿರುತ್ತದೆ. ನಾವು ಒಂದೇ ಪದವನ್ನು ಮರ, ಮರದ, ಮರಕ್ಕೆ, ಮರಗಳಲ್ಲಿ ಎಂದು ಬರೆಯುತ್ತೇವೆ, ಯಂತ್ರಕ್ಕೆ ಅವು ನಾಲ್ಕು ಪದ. ಹುಡುಗರು ಕುವೆಂಪು ಎಂದು ಹುಡುಕುತ್ತಾರೆ, ಯಾರೋ ಪುಟ್ಟಪ್ಪ, ಕೆ.ವಿ. ಎಂದು ತುಂಬಿಸಿಟ್ಟಿರುತ್ತಾರೆ. ಭಾರತೀಯರ ಹೆಸರುಗಳನ್ನು ಸೂಚಿಯಲ್ಲಿ, ಅಂದರೆ ಕ್ಯಾಟಲಾಗಿನಲ್ಲಿ, ಹೇಗೆ ಇಡಬೇಕೆಂದು ರಂಗನಾಥನ್ ಬಹಳ ತಲೆಕೆಡಿಸಿಕೊಂಡಿದ್ದರು, ಅವರ ಸೂಚೀಕರಣ ಸಂಹಿತೆಯಲ್ಲಿ ಅದಕ್ಕೆಂದೇ ನಿಯಮಗಳಿವೆ. ಕನ್ನಡದ ಮಟ್ಟಿಗೆ ಆ ಕೆಲಸವನ್ನು ಯಂತ್ರಕ್ಕೆ ಹೊಂದುವಂತೆ ಮಾಡಲು ಲೆಕ್ಕ ಬಲ್ಲವರೂ ಬೇಕು, ಓದುಗನ ಕಷ್ಟ ಬಲ್ಲವರೂ ಬೇಕು. ನಿನಗೆ ಮೊದಲನೆಯದು ಇದೆ. ಎರಡನೆಯದಕ್ಕೆ ರಜೆಯಲ್ಲಿ ಬಂದು ನನ್ನ ಕೌಂಟರಿನಲ್ಲಿ ಕೂತುಕೋ. ಜನ ಏನು ಕೇಳಿದರು, ಏನು ಸಿಗದೆ ಹೋಯಿತು ಎಂದು ಬರೆದಿಟ್ಟ ನೋಟುಪುಸ್ತಕ ಒಂದಿದೆ, ಈಗಲೇ ಬೇಕಿದ್ದರೆ ಫೋಟೋ ತೆಗೆದು ಕಳಿಸುತ್ತೇನೆ. ಯಾವುದಕ್ಕೂ ನಿನ್ನ ಗೈಡ್ ಹತ್ತಿರ ಕೇಳಿ, ಅವರು ಏನಂದರೆಂದು ತಿಳಿಸು.

ನಿನ್ನ ಅಮ್ಮ