ಮಗಳಿಗೊಂದು ಪತ್ರ: ನೀನು ಹಾಕಿದ ನನ್ನ ಸಹಿ

ಪ್ರೀತಿಯ ಪುಟ್ಟಿ,

ಇದು ಬೈಯೋ ಪತ್ರ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎರಡು ಸಾಲು ಓದಿ ಮಡಚಿ ದಿಂಬಿನ ಕೆಳಗೆ ತುರುಕಿಬಿಡುತ್ತೀಯ. ಎದುರಿಗೆ ಕೂತೇ ಹೇಳೋಣ ಅಂದುಕೊಂಡಿದ್ದೆ. ಆದರೆ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ನಿನ್ನ ಮುಖ ಸಣ್ಣದಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ರಾತ್ರಿ ಸ್ಕೇಲ್ ಬೇಕಾಗಿ ನಿನ್ನ ಬ್ಯಾಗಿಗೆ ಕೈ ಹಾಕಿದೆ. ನಿನ್ನನ್ನು ಕೇಳದೆ ಹಾಕಿದ್ದು ತಪ್ಪೇ. ರಫ್ ಬುಕ್ಕಿನ ನಡುವೆ ಗಣಿತದ ಟೆಸ್ಟ್ ಪೇಪರ್ ಇತ್ತು, ನೀನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೆ. 25ಕ್ಕೆ 9. ಕೆಳಗೆ ಪೋಷಕರ ಸಹಿ ಅಂತ ಇರುವ ಜಾಗದಲ್ಲಿ ನನ್ನ ಸಹಿ. ನಾನು ಹಾಕಿರಲಿಲ್ಲ.

ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತೆ. ಮೊದಲ ಅಕ್ಷರವನ್ನು ನಾನು ದೊಡ್ಡದಾಗಿ ಸುತ್ತುವ ರೀತಿ, ಕೊನೆಯಲ್ಲಿ ಎಳೆಯುವ ಉದ್ದ ಗೆರೆ, ಗೆರೆಯ ಕೆಳಗಿನ ಎರಡು ಚುಕ್ಕೆ, ಎಲ್ಲವೂ ಇತ್ತು. ರಫ್ ಬುಕ್ಕಿನ ಕೊನೆಯ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಅಭ್ಯಾಸ ಮಾಡಿ ಅಳಿಸಿದ ಗುರುತೂ ಕಂಡಿತು. ದೀಪಕ್ಕೆ ಹಿಡಿದು ಎಣಿಸಿದೆ. 14 ಸಲ ಬರೆದಿದ್ದೀಯ. ಕೋಪ ಬರಲಿಲ್ಲ ಅಂದರೆ ಸುಳ್ಳಾಗುತ್ತೆ. ಬಂತು. ಆದರೆ ಆ 14 ಸಹಿ ಹಾಕುವಷ್ಟು ಹೊತ್ತೂ ನೀನು ಒಬ್ಬಳೇ ಹೆದರಿಕೊಂಡು ಕೂತಿದ್ದೆ ಅಂತ ಹೊಳೆದಾಗ ಆ ಕೋಪ ನಿಲ್ಲಲಿಲ್ಲ. ನಾನು ಪಕ್ಕದ ರೂಮಿನಲ್ಲೇ ಇದ್ದೆನಲ್ಲ, ಪುಟ್ಟಿ.

ಅಮ್ಮನಿಗೆ ತೋರಿಸಿದೆ. ಅವಳು ಪೇಪರ್ ನೋಡಲಿಲ್ಲ, ನನ್ನ ಮುಖ ನೋಡಿದಳು. "ಅವಳು ಸ್ಕೂಲಿಂದ ಬಂದ ತಕ್ಷಣ ನೀವು ಕೇಳೋ ಮೊದಲ ಪ್ರಶ್ನೆ ಯಾವುದು, ಹೇಳಿ ನೋಡೋಣ" ಅಂದಳು. ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ. "ಎಷ್ಟು ಬಂತು?" ಅಂತ ಕೇಳುತ್ತೇನೆ. ಟೆಸ್ಟ್ ಇಲ್ಲದ ದಿನ "ಯಾವಾಗ ಟೆಸ್ಟು?" ಅಂತ. ನಿನ್ನನ್ನು ಎರಡು ತಿಂಗಳ ಹಿಂದೆ ಹಿಂದಿನ ಬೆಂಚಿಗೆ ಹಾಕಿದರಂತೆ. ಅದು ನನಗೆ ಗೊತ್ತಾಗಿದ್ದು ಮೊನ್ನೆ, ಅದೂ ಅಮ್ಮ ಹೇಳಿ. ನಿನ್ನ ರ‍್ಯಾಂಕ್ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ನಿನ್ನ ಪಕ್ಕದಲ್ಲಿ ಯಾರು ಕೂರುತ್ತಾರೆ ಅಂತ ಗೊತ್ತಿಲ್ಲ.

ಇನ್ನೊಂದು ವಿಷಯ ಇದೆ. ಮನೆಗೆ ಯಾರೇ ಬರಲಿ, "ನಮ್ಮ ಮಗಳು ತುಂಬಾ ಜಾಣೆ, ಹೇಳಿಕೊಡೋದೇ ಬೇಡ" ಅಂತ ಹೇಳಿಕೊಂಡು ಬಂದವನು ನಾನು. ಹೊಗಳಿದರೆ ಮಕ್ಕಳಿಗೆ ಹುಮ್ಮಸ್ಸು ಬರುತ್ತೆ ಅಂತಲೇ ನಂಬಿದ್ದೆ. 1998ರಲ್ಲಿ ಕ್ಲಾಡಿಯಾ ಮ್ಯೂಲರ್, ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ಬರೆದಿದ್ದಾರೆ. ಹೆಚ್ಚುಕಡಿಮೆ ನಿನ್ನ ವಯಸ್ಸಿನ, 5ನೇ ಕ್ಲಾಸಿನ ಮಕ್ಕಳಿಗೆ ಒಗಟು ಕೊಟ್ಟರು. ಕೆಲವರಿಗೆ "ನೀನು ಜಾಣ ಇರಬೇಕು" ಅಂದರು. ಕೆಲವರಿಗೆ "ಚೆನ್ನಾಗಿ ಪ್ರಯತ್ನ ಪಟ್ಟಿದ್ದೀಯ" ಅಂದರು. ಆಮೇಲೆ ಬೇಕಂತಲೇ ಕಷ್ಟದ ಒಗಟು ಕೊಟ್ಟರು, ಮಕ್ಕಳು ಎಡವಿದರು. ಕೊನೆಗೆ, ಬೇರೆ ಶಾಲೆಯ ಮಕ್ಕಳು ಓದಲಿಕ್ಕೆ ನಿಮ್ಮ ಅನುಭವ ಬರೆಯಿರಿ, ಎಷ್ಟು ಮಾರ್ಕ್ಸ್ ಬಂತು ಅಂತಲೂ ಬರೆಯಿರಿ, ಹೆಸರು ಬೇಡ ಅಂದರು. ಜಾಣ ಅನ್ನಿಸಿಕೊಂಡಿದ್ದವರಲ್ಲಿ 100ಕ್ಕೆ ಸುಮಾರು 40 ಮಕ್ಕಳು ಸುಳ್ಳು ಮಾರ್ಕ್ಸ್ ಬರೆದರಂತೆ. ಪ್ರಯತ್ನಕ್ಕೆ ಹೊಗಳಿಸಿಕೊಂಡವರಲ್ಲಿ ಹಾಗೆ ಮಾಡಿದವರು ತುಂಬಾ ಕಡಿಮೆ.

ಎಂದೂ ನೋಡದ ಮಕ್ಕಳ ಎದುರು, ಹೆಸರೇ ಇಲ್ಲದ ಕಾಗದದಲ್ಲಿ! ನೀನಂತೂ ದಿನಾ ರಾತ್ರಿ ನನ್ನ ಎದುರೇ ಕೂತು ಊಟ ಮಾಡಬೇಕು.

ಹೋದ ತಿಂಗಳು ಪೋಷಕರ ಮೀಟಿಂಗಿಗೆ ಬಂದಿದ್ದೆನಲ್ಲ, ಆಗ ನಿಮ್ಮ ಗಣಿತದ ಮಿಸ್ ಒಂದು ಮಾತು ಹೇಳಿದ್ದರು. "ಲೆಕ್ಕ ಕೊಟ್ಟರೆ ಸುಮ್ನೆ ಕೂತಿರ್ತಾಳೆ. ನಾನು ಹೋಗಿ ಮೊದಲ ಸಾಲು ಬರೆದುಕೊಟ್ಟರೆ ಉಳಿದದ್ದನ್ನು ಪಟಪಟ ಅಂತ ಮಾಡಿಬಿಡ್ತಾಳೆ" ಅಂತ. ನನಗೆ ಅದು ಸೋಮಾರಿತನ ಅನ್ನಿಸಿತು. ಮನೆಗೆ ಬಂದು ಗದರಿಯೂ ಗದರಿದೆ. ಮೊನ್ನೆ ನಿನ್ನ ಹಳೆಯ ಹೋಂವರ್ಕ್ ಪುಸ್ತಕಗಳನ್ನು ತೆಗೆದು ನೋಡಿದೆ. ಯಾವ ಪುಟ ತಿರುವಿದರೂ ಮೊದಲ ಸಾಲು ನನ್ನ ಅಕ್ಷರದಲ್ಲಿದೆ. ಒಂದು ಪುಟದಲ್ಲಿ ರಬ್ಬರ್ ತಿಕ್ಕಿ ತಿಕ್ಕಿ ತೂತೇ ಬಿದ್ದಿದೆ. ತಿಕ್ಕಿದವನು ನಾನು, ನೆನಪಿದೆ. "ಹೀಗಲ್ಲ, ಕೊಡಿಲ್ಲಿ" ಅಂತ ಪುಸ್ತಕ ಎಳೆದುಕೊಂಡಿದ್ದೆ. ನೀನು ಪೆನ್ಸಿಲ್ ಹಿಡಿದುಕೊಂಡು ಹಾಗೇ ನಿಂತಿದ್ದೆ. ಆ ತೂತಿನ ಸುತ್ತ ಲೆಕ್ಕ ಸರಿಯಾಗಿಯೇ ಇದೆ. ನಿನ್ನದಲ್ಲ ಅಷ್ಟೇ.

ನಾನು ಯಾಕೆ ಹಾಗೆ ಆಡುತ್ತೇನೆ ಅಂತ ನಿನಗೆ ಹೇಳಿಲ್ಲ. ನಿನ್ನಷ್ಟೇ ಇದ್ದಾಗ ಒಂದು ದಿನ ನನ್ನನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದರು. ಬರಲಿಲ್ಲ. ಬರೋವರೆಗೂ ಅಲ್ಲೇ ನಿಂತಿರು ಅಂದರು. ಕೈ ಬೆವತು ಸೀಮೆಸುಣ್ಣ ಮೆತ್ತಗಾಗಿತ್ತು. ಪೀರಿಯಡ್ ಮುಗಿಯಿತು, ಮುಂದಿನ ಪೀರಿಯಡ್‌ನವರು ಬಂದು "ಯಾಕೋ ನಿಂತಿದ್ದೀಯ?" ಅಂದರು. ಇವತ್ತಿಗೂ ಯಾರಾದರೂ ಎದುರಿಗೆ ನಿಂತು ಲೆಕ್ಕ ಕೇಳಿದರೆ ಬೆರಳ ತುದಿ ಒದ್ದೆಯಾಗುತ್ತೆ. ನಿನ್ನ ಹೋಂವರ್ಕಿಗೆ ಕೂತಾಗ ನಾನು ಗದರುತ್ತಿದ್ದುದು ನಿನಗಲ್ಲ, ಬೋರ್ಡಿನ ಮುಂದೆ ನಿಂತಿದ್ದ ಆ ಹುಡುಗನಿಗೆ ಅಂತ ಅನ್ನಿಸುತ್ತೆ.

ಇದು ನನ್ನೊಬ್ಬನ ಕತೆ ಅಲ್ಲ ಅಂತ ಆಮೇಲೆ ತಿಳಿಯಿತು. ಅಮೆರಿಕದಲ್ಲಿ 1 ಮತ್ತು 2ನೇ ಕ್ಲಾಸಿನ 438 ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗಣಿತ ಅಂದರೆ ಹೆದರುವ ಪೋಷಕರು ಪದೇ ಪದೇ ಹೋಂವರ್ಕಿಗೆ ಸಹಾಯ ಮಾಡಿದರೆ, ಅವರ ಮಕ್ಕಳು ಆ ವರ್ಷ ಗಣಿತ ಕಲಿತದ್ದೇ ಕಡಿಮೆ. ಮೇಲಿಂದ ಮಕ್ಕಳಿಗೂ ಗಣಿತದ ಭಯ ಜಾಸ್ತಿಯಾಗಿತ್ತು. ಅಷ್ಟೇ ಹೆದರುವ ಪೋಷಕರು ಹೋಂವರ್ಕಿಗೆ ಹೆಚ್ಚು ಕೈ ಹಾಕದೆ ಇದ್ದಲ್ಲಿ ಹೀಗಾಗಿರಲಿಲ್ಲ. ಓದಿ ನಗು ಬಂತು, ಹೊಟ್ಟೆಗೂ ತಾಗಿತು. ರಾತ್ರಿ ಹತ್ತರವರೆಗೆ ನಿನ್ನ ಜೊತೆ ಕೂತಿದ್ದನ್ನು ನಾನು ದೊಡ್ಡ ತ್ಯಾಗ ಅಂತ ಹೇಳಿಕೊಂಡು ಓಡಾಡುತ್ತಿದ್ದೆ.

ನಿನ್ನೆ ಆ ಪೇಪರನ್ನು ಇನ್ನೊಮ್ಮೆ ತೆಗೆದೆ. ಹೆಬ್ಬೆರಳಲ್ಲಿ 9 ಮುಚ್ಚಿಕೊಂಡು ಓದಿದೆ. ಮುಚ್ಚದಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತೆ, ಏನು ಮಾಡೋದು. ನಾಲ್ಕು ಲೆಕ್ಕ ತಪ್ಪಾಗಿವೆ, ಒಂದೊಂದಕ್ಕೆ 4 ಮಾರ್ಕ್ಸ್. ನಾಲ್ಕರಲ್ಲೂ ಭಿನ್ನರಾಶಿ ಕೂಡುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿದ್ದೀಯ. 1/2 + 1/3 = 2/5. ಹೋದದ್ದು 16 ಮಾರ್ಕ್ಸ್, ಮಾಡಿದ್ದು ಒಂದೇ ತಪ್ಪು. ಭಿನ್ನರಾಶಿ ಕಲಿಯುವ ಮಕ್ಕಳು ಎಲ್ಲ ಕಡೆ ಮಾಡುವ ತಪ್ಪು ಇದು. ಅದರಲ್ಲಿ ಬುದ್ಧಿಯೂ ಇದೆ. ಗುಣಿಸುವಾಗ ಹಾಗೇ ಮಾಡುತ್ತೇವಲ್ಲ, ಕೂಡುವಾಗ ಯಾಕಾಗಬಾರದು ಅಂತ ನೀನು ಅಂದುಕೊಂಡಿರಬೇಕು. ಅದು ಒಳ್ಳೆ ಪ್ರಶ್ನೆ. ಕ್ಲಾಸಿನಲ್ಲಿ ಕೇಳು, ಮಿಸ್ ಬೈಯೋದಿಲ್ಲ.

ಮೊದಲ ಸಾಲು ನಾನು ಬರೆದುಕೊಡುವುದಿಲ್ಲ. (ಪೆನ್ ಕೈಯಲ್ಲೇ ಇದೆ, ಆಸೆ ಆಗ್ತಾ ಇದೆ.) ಒಂದು ಹಾಳೆ ತಗೊಂಡು ಸರಿಯಾಗಿ ಅರ್ಧಕ್ಕೆ ಮಡಚು. ಅಷ್ಟೇ ದೊಡ್ಡ ಇನ್ನೊಂದು ಹಾಳೆಯನ್ನು ಮೂರು ಪಾಲು ಮಾಡಿ ಒಂದು ಪಾಲು ಅದರ ಪಕ್ಕ ಇಡು. ಈಗ ನೋಡು, 2/5 ಅಂದರೆ ಅರ್ಧಕ್ಕಿಂತ ಕಡಿಮೆ ಅಲ್ವಾ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯ್ತು? ಇವತ್ತೇ ಹೇಳಬೇಕಂತಿಲ್ಲ. ಹೊಳೆದಾಗ ಬಂದು ಹೇಳು, ನಾನು ಏನು ಮಾಡುತ್ತಿದ್ದರೂ ನಿಲ್ಲಿಸಿ ಕೇಳುತ್ತೇನೆ.

ನನ್ನ ಗಾಬರಿ ಇವತ್ತಿಗೇ ಹೋಗುತ್ತೆ ಅಂತ ಮಾತು ಕೊಡಲಾರೆ. ನಿಮ್ಮ ಕ್ಲಾಸಿನ ಪೋಷಕರ ವಾಟ್ಸಾಪ್ ಗ್ರೂಪ್ ಇದೆಯಲ್ಲ, ಅದರಲ್ಲಿ ರಾತ್ರಿ ಹನ್ನೊಂದಕ್ಕೆ ಯಾರೋ "ನಮ್ಮವನದು ಎರಡನೇ ರಿವಿಷನ್ ಮುಗೀತು" ಅಂತ ಹಾಕುತ್ತಾರೆ. ನೀನು ಮಲಗಿರುತ್ತೀಯ. ನನಗೆ ಎದೆ ಢವಢವ ಅನ್ನುತ್ತೆ. ನಾಳೆ ನೀನು ಹಿಂದೆ ಬಿದ್ದರೆ, ನಿನಗೆ ಬೇಕಾದ್ದು ಓದಲು ಸೀಟು ಸಿಗದಿದ್ದರೆ, ಅಪ್ಪ ಆಗಲೇ ಸ್ವಲ್ಪ ಗಟ್ಟಿಯಾಗಿ ಹೇಳಬೇಕಿತ್ತು ಅಂತ ನೀನೇ ಮುಂದೆ ಅಂದರೆ? ಇಂಥ ಒಂದು ರಾತ್ರಿಯ ಮಾರನೆ ದಿನವೇ ನಿನ್ನ ಸಂಜೆಯ ಆಟ ನಿಲ್ಲಿಸಿ ಟ್ಯೂಷನ್‌ಗೆ ಹಾಕಿದ್ದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದ ಅಂತ 1989ರದ್ದು ಒಂದಿದೆ. ಅದರ 31ನೇ ವಿಧಿಯಲ್ಲಿ ವಿಶ್ರಾಂತಿ, ಆಟ ಎರಡನ್ನೂ ಮಕ್ಕಳ ಹಕ್ಕು ಅಂತಲೇ ಬರೆದಿದ್ದಾರೆ. ಓದಿ ಮುಗಿದ ಮೇಲೆ ಸಮಯ ಉಳಿದರೆ ಆಡಬಹುದು ಅಂತ ಅದರಲ್ಲಿಲ್ಲ, ಹುಡುಕಿದೆ. ಸೋಮವಾರದಿಂದ ಆಟಕ್ಕೆ ಹೋಗು. ಟ್ಯೂಷನ್ ಬೇಕೋ ಬೇಡವೋ ಒಂದು ತಿಂಗಳು ಬಿಟ್ಟು ನೀನೇ ಹೇಳು.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಜಗ್ಗೋದಿಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳುತ್ತಾರೆ. ಟೆಸ್ಟ್ ಹಿಂದಿನ ದಿನವೂ ಬೇಕು.

ಹಾಗಂತ ನಿನ್ನ ಸ್ಕೂಲಿನ ಕಡೆ ತಲೆಯೇ ಹಾಕೋದಿಲ್ಲ ಅಂತ ತಿಳಿಯಬೇಡ. ಅಪ್ಪ ಅಮ್ಮ ಮಾತ್ರ ಗಮನಿಸಬಹುದಾದ ಕೆಲವು ಸಂಗತಿ ಇರುತ್ತವೆ. ತುಂಬಿದ ಕ್ಲಾಸಿನಲ್ಲಿ ಒಬ್ಬೊಬ್ಬರ ಮೇಲೂ ಕಣ್ಣಿಡೋದು ಮಿಸ್‌ಗೆ ಸುಲಭವಲ್ಲ. ಹಿಂದಿನ ಬೆಂಚಿಗೆ ಹೋದಾಗಿಂದ ನೀನು ಟಿವಿಯನ್ನೂ ಕಣ್ಣು ಕಿರಿದು ಮಾಡಿ ನೋಡುತ್ತೀಯ ಅಂತ ಅಮ್ಮ ಹೇಳಿದಳು. ಬೋರ್ಡ್ ಕಾಣುತ್ತಾ ಪುಟ್ಟಿ? ಕಾಣದಿದ್ದರೆ ಹೇಳೋಕೆ ನಾಚಿಕೆ ಏನೂ ಇಲ್ಲ. ಶನಿವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬರೋಣ. ಕ್ಲಾಸಿನಲ್ಲಿ ಯಾರಾದರೂ ರೇಗಿಸಿದರೆ, ಟೀಚರ್ ಹೇಳಿದ್ದು ಅನ್ಯಾಯ ಅನ್ನಿಸಿದರೆ, ಅದನ್ನೂ ಹೇಳು. ತಕ್ಷಣ ಎದ್ದು ಸ್ಕೂಲಿಗೆ ಓಡಿಬರೋದಿಲ್ಲ. ಮೊದಲು ಪೂರ್ತಿ ಕೇಳುತ್ತೇನೆ. ಸ್ಕೂಲಿಗೆ ಬರಬೇಕೋ ಬೇಡವೋ ಆಮೇಲೆ ಇಬ್ಬರೂ ಸೇರಿ ಯೋಚಿಸೋಣ.

ಓದುವ ರೀತಿಯ ಬಗ್ಗೆ ಒಂದೇ ಮಾತು. ನೀನು ಪಾಠವನ್ನು ಐದೈದು ಸಲ ಓದುತ್ತೀಯ, ಹಳದಿ ಪೆನ್ನಲ್ಲಿ ಎಲ್ಲ ಸಾಲಿಗೂ ಬಣ್ಣ ಹಚ್ಚುತ್ತೀಯ. 2006ರಲ್ಲಿ ರೋಡಿಗರ್, ಕಾರ್ಪಿಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. ಓದಿದ್ದನ್ನೇ ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರೇ ಮುಂದೆ. ಹಾಗಾಗಿ ಒಂದು ಸಲ ಓದಿ ಪುಸ್ತಕ ಮುಚ್ಚು. ನನಗೆ ಪಾಠ ಹೇಳು. ನನಗೆ ಅರ್ಥವಾಗದಿದ್ದರೆ ಮೂರು ಸಲ ಕೇಳುತ್ತೇನೆ, ನೀನು ಗದರಬಾರದು. ಗದರಿದರೆ ಹೇಗಿರುತ್ತೆ ಅಂತ ನಿನಗೆ ಗೊತ್ತಿದೆ.

ಇನ್ನು ಸಹಿಯ ವಿಷಯ. ಅದು ತಪ್ಪು, ಪುಟ್ಟಿ. ಹೆದರಿಸಿದವನು ನಾನು ನಿಜ, ಆದರೂ ತಪ್ಪು ತಪ್ಪೇ. ಮಿಸ್‌ಗೆ ಹೇಳಬೇಕು, ನೀನೇ ಹೇಳಬೇಕು. ನಾನು ಜೊತೆಗೆ ಬರಲಾ? ಬರಬೇಕು ಅಂದರೆ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ, ಮಾತಾಡೋದಿಲ್ಲ. ಬೇಡ ಅಂದರೆ ಗೇಟಿನವರೆಗೆ ಬರುತ್ತೇನೆ. ಯಾಕೆ ಹಾಕಿದೆ ಅಂತ ಮಿಸ್ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು, ಅಪ್ಪನಿಗೆ ಹೆದರಿ ಅಂತ. ನನ್ನ ಮರ್ಯಾದೆಯ ಚಿಂತೆ ನಿನಗೆ ಬೇಡ.

ಪೇಪರ್ ಬ್ಯಾಗಿನ ಮುಂದಿನ ಜೇಬಿನಲ್ಲಿದೆ, ಮಡಿಕೆ ಬಿಡಿಸಿ ಇಟ್ಟಿದ್ದೇನೆ. ನೀನು ಹಾಕಿದ ಸಹಿಯ ಕೆಳಗೆ ನನ್ನದನ್ನೂ ಹಾಕಿದ್ದೇನೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನ್ನದೇ ನಕಲಿ ಥರ ಕಾಣುತ್ತೆ, ಗೆರೆ ಸ್ವಲ್ಪ ಅಲುಗಾಡಿದೆ.

ಇಂತಿ ನಿನ್ನ,
ಅಪ್ಪ