ಸುಣ್ಣದ ಗೆರೆ: ಮಗಳಿಗೊಂದು ಪತ್ರ

ಪುಟ್ಟಿ,

ಈ ಪತ್ರವನ್ನು ನಿನ್ನ ಸ್ಪೈಕ್ಸ್ ಚೀಲದಲ್ಲಿ ಇಡುತ್ತಿದ್ದೇನೆ. ಬಟ್ಟೆ ಬ್ಯಾಗಿನಲ್ಲಿಟ್ಟರೆ ನೀನು ವಾರಗಟ್ಟಲೆ ನೋಡುವುದಿಲ್ಲ, ಈ ಚೀಲವನ್ನಾದರೆ ಹೋದ ದಿನವೇ ಬಿಚ್ಚುತ್ತೀಯ. ಎದುರಿಗೇ ಹೇಳೋಣ ಅಂತ ಎರಡು ಸಲ ಬಂದೆ. ನೀನು ಚಟ್ನಿಪುಡಿ ಒಂದು ಡಬ್ಬವೋ ಎರಡು ಡಬ್ಬವೋ ಅಂತ ಅಮ್ಮನ ಜೊತೆ ಜಗಳ ಆಡಿಕೊಂಡು ನಗುತ್ತಿದ್ದೆ. ನಾನು ವಾಪಸ್ ಹೋದೆ.

ರಾತ್ರಿ ಊಟಕ್ಕೆ ಕೂತಾಗ ನೀನು ಒಂದು ಮಾತು ಅಂದೆ, ನೆನಪಿದೆಯಾ? "ಸದ್ಯ, ವಿದ್ಯಾನಗರದ ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಾದ್ರೂ ಪ್ರೈಮರಿ ಮಕ್ಕಳಿಗೆ ಗೆರೆ ಹಾಕೋ ಕೆಲಸ ಇರಲ್ಲ" ಅಂತ. ಅಜ್ಜಿ ನಕ್ಕರು, ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ ಕಣಮ್ಮಾ. ಆ ಮಾತು ನಿನ್ನ ಬಾಯಿಗೆ ಹಾಕಿದವನು ನಾನೇ.

ಡಿಸೆಂಬರಿನದು ಪೂರ್ತಿ ಬರೆಯಲ್ಲ, ನೀನೂ ಅಲ್ಲೇ ಇದ್ದೆ. ತಿಂಗಳಿಗೊಂದು ಶನಿವಾರ ಅಥ್ಲೆಟಿಕ್ಸ್ ಟೀಮಿನವರೆಲ್ಲ ಪಕ್ಕದ ಸರ್ಕಾರಿ ಶಾಲೆಗೆ ಹೋಗಿ ಚಿಕ್ಕ ಮಕ್ಕಳಿಗೆ ಆಟ ಆಡಿಸಬೇಕು, ಮೈದಾನದ ಕಲ್ಲು ಆರಿಸಬೇಕು, ಟ್ರ್ಯಾಕ್ ಹಾಕಿಕೊಡಬೇಕು ಅಂತ ಪಿ.ಟಿ. ಮೇಷ್ಟ್ರು ಹೇಳಿದ್ದರು. ನೀನು ಮೂರು ಸಲ ತಪ್ಪಿಸಿದೆ. ಒಂದು ವಾರ ಪ್ರಾಕ್ಟೀಸ್‌ಗೆ ಬರಬೇಡ ಅಂದರು. ನೀನು ಅತ್ತೆ. ನಾನು ಬಸ್ ಡ್ಯೂಟಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಶಾಲೆಗೆ ಹೋದೆ, ಅಷ್ಟು ಮಕ್ಕಳ ಮುಂದೆ "ನನ್ನ ಮಗಳ ಕೈಲಿ ಬಿಟ್ಟಿ ಚಾಕರಿ ಮಾಡಿಸ್ಕೋತೀರಾ?" ಅಂತ ಕೂಗಾಡಿದೆ. ಅವರು ಒಂದು ಮಾತೂ ಆಡಲಿಲ್ಲ. ಕೈಯಲ್ಲಿದ್ದ ವಿಷಲ್ ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನೀನು ಏಳನೇ ಕ್ಲಾಸಿನಲ್ಲಿದ್ದಾಗಿನ ಹೋಬಳಿ ಮಟ್ಟದ ಕ್ರೀಡಾಕೂಟ. ಗೆದ್ದದ್ದು, ಸ್ಟೀಲ್ ತಟ್ಟೆ, ಅದೆಲ್ಲ ಬಿಡು. ನಾನು ಹೇಳುವುದು ಅದಕ್ಕೂ ಮುಂಚಿನದು, ಬೆಳಿಗ್ಗೆ ಆರೂವರೆಯದು. ನಿನ್ನನ್ನು ಬಿಟ್ಟು ಮೈದಾನದ ಮೂಲೆಯ ಟೀ ಅಂಗಡಿ ಹತ್ತಿರ ನಿಂತಿದ್ದೆ. ರಾತ್ರಿಯಿಡೀ ಮಳೆ ಬಿದ್ದಿತ್ತು. ಹಿಂದಿನ ದಿನ ಹಾಕಿದ ಟ್ರ್ಯಾಕ್ ಒಂದು ಗೆರೆಯೂ ಉಳಿದಿರಲಿಲ್ಲ, ಸುಣ್ಣವೆಲ್ಲ ಕರಗಿ ಹಾಲು ಚೆಲ್ಲಿದ ಹಾಗೆ ಹರಡಿತ್ತು. ಇದೇ ಮೇಷ್ಟ್ರು, ಜೊತೆಗೆ ಹೈಸ್ಕೂಲಿನ ನಾಲ್ಕು ಹುಡುಗರು, ಪ್ಯಾಂಟ್ ಮಡಚಿಕೊಂಡು ಮೊದಲಿಂದ ಶುರು ಮಾಡಿದರು. ಹಗ್ಗ ನೆನೆದು ಗಿಡ್ಡವಾಗಿದೆ, ಅಳತೆ ತಪ್ಪುತ್ತೆ ಅಂತ ಮೇಷ್ಟ್ರು ಟೇಪ್ ಹಿಡಿಸಿದರು. ಒಬ್ಬ ಹುಡುಗ "ಒಂದು ಇಪ್ಪತ್ತೆರಡು, ಒಂದು ಇಪ್ಪತ್ತೆರಡು" ಅಂತ ಹೇಳಿಕೊಂಡೇ ಗೂಟ ಹೊಡೆಯುತ್ತಿದ್ದ. ಒಂದೊಂದು ಲೇನ್ 1.22 ಮೀಟರ್ ಅಗಲ ಇರಬೇಕು ಅಂತ ಆವತ್ತೇ ನನಗೆ ಗೊತ್ತಾದದ್ದು. ಸುಣ್ಣ ಉದುರಿಸುವ ಡಬ್ಬದ ತೂತು ಒದ್ದೆ ಸುಣ್ಣ ಮೆತ್ತಿಕೊಂಡು ಕಟ್ಟಿಕೊಳ್ಳುತ್ತಿತ್ತು, ಹಾಗಾಗಿ ಆ ಹುಡುಗ ಬರಿಗೈಯಲ್ಲೇ ಸುಣ್ಣ ತೆಗೆದು ಗೆರೆಗೆ ಬಿಡೋಕೆ ಶುರು ಮಾಡಿದ. ಪೂರ್ತಿ ಒಂದು ಸುತ್ತು. ಬಗ್ಗಿದವನು ಎದ್ದೇಳಲೇ ಇಲ್ಲ.

ಒದ್ದೆ ಸುಣ್ಣ ಕೈ ಸುಡುತ್ತೆ ಪುಟ್ಟಿ. ಆಮೇಲೆ ಅವನು ನಲ್ಲಿ ಹತ್ತಿರ ಕೈ ತೊಳೆಯುತ್ತಿದ್ದಾಗ ನೋಡಿದೆ. ಬೆರಳ ಸಂದಿಯೆಲ್ಲ ಕೆಂಪಾಗಿ ಚರ್ಮ ಎದ್ದಿತ್ತು. ಟೀ ಅಂಗಡಿಯಮ್ಮ ಕೊಬ್ಬರಿ ಎಣ್ಣೆ ಕೊಟ್ಟರು. "ನಾಳೆ ನಿಂದೇ ಕಬಡ್ಡಿ ಅಲ್ವೇನೋ?" ಅಂತ ಇನ್ನೊಬ್ಬ ಕೇಳಿದ. ಅವನು ಕೈ ಒದರಿಕೊಂಡು "ನಾಳೆ ತಾನೇ" ಅಂದ, ಅಷ್ಟೇ. ಆ ಕೈಯಲ್ಲಿ ಮರುದಿನ ಹೇಗೆ ಹಿಡಿದನೋ, ಗೆದ್ದನೋ ಸೋತನೋ, ನಾನು ವಿಚಾರಿಸಲಿಲ್ಲ. ಹೆಸರೂ ಕೇಳಲಿಲ್ಲ.

ಒಂದೂವರೆ ಗಂಟೆ ನಾನು ಅಲ್ಲೇ ನಿಂತಿದ್ದೆ. ಎರಡು ಟೀ ಕುಡಿದೆ. ಐದು ಜನ ಒದ್ದಾಡುತ್ತಿದ್ದರು, ಹಗ್ಗದ ಒಂದು ತುದಿ ಹಿಡಿಯೋಕೆ ಏನಾಗಿತ್ತು ನನಗೆ? ನಮ್ಮ ಕೆಲಸ ಅಲ್ಲ ಅಂತ ನಿಂತಿದ್ದೆ. ಎಂಟೂವರೆಗೆ ನೀನು ಎರಡನೇ ಲೇನ್‌ನಲ್ಲಿ ಓಡಿದೆ, ಆ ಹುಡುಗ ಕೈಯಲ್ಲಿ ಹಾಕಿದ ಗೆರೆ ಮೇಲೆ. ನಾನು ಚಪ್ಪಾಳೆ ಹೊಡೆದೆ, ನಿನಗೆ ಮಾತ್ರ. ಈಗ ರಾತ್ರಿ ಹೊತ್ತು ನಿನ್ನ ಓಟಕ್ಕಿಂತ ಜಾಸ್ತಿ ಆ ಕೈ ನೆನಪಾಗುತ್ತೆ.

ಪಿಯುಸಿಯಲ್ಲಿ ನಾನೂ ಎನ್‌ಎಸ್‌ಎಸ್‌ನಲ್ಲಿದ್ದೆ ಅಂತ ನಿನಗೆ ಹೇಳಿಯೇ ಇಲ್ಲ. 1969ರಲ್ಲಿ, ಗಾಂಧೀಜಿ ಹುಟ್ಟಿದ ನೂರನೇ ವರ್ಷ ಅಂತ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ ಅದು. "ನನಗಲ್ಲ, ನಿನಗೆ" ಅಂತ ಅದರ ಧ್ಯೇಯ. ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ನಾನು ಗಂಟೆ ಎಣಿಸಿದೆ, ಸರ್ಟಿಫಿಕೇಟ್ ತಗೊಂಡೆ, ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ. ನೀನೂ ಹಾಗೇ ಆಗ್ತೀಯೇನೋ ಅನ್ನೋದೇ ನನ್ನ ಹೆದರಿಕೆ. ಕಾಲು ಉಳುಕುತ್ತೆ, ಟೈಮಿಂಗ್ ಬೀಳುತ್ತೆ, ಅದೆಲ್ಲ ಆಟಗಾರರಿಗೆ ಇದ್ದದ್ದೇ. ಟ್ರ್ಯಾಕ್ ಮೇಲೆ ತನ್ನ ಲೇನ್ ಬಿಟ್ಟು ಬೇರೇನೂ ಕಾಣದವಳು ಹೊರಗೆ ಬಂದಮೇಲೂ ಹಾಗೇ ಉಳಿದುಬಿಟ್ಟರೆ?

ಮಾಲತಿ ಹೊಳ್ಳ ಅವರ ವಿಷಯ ಓದು. ಒಂದು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಮೈ ಸ್ವಾಧೀನ ಹೋದವರು, ವೀಲ್‌ಚೇರ್‌ನಲ್ಲೇ ದೇಶಕ್ಕೆ ಪದಕ ತಂದವರು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ನನಗಾಗಿ ದುಡಿದದ್ದೇ ಸಾಕು ಅಂದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಬೆಂಗಳೂರಿನಲ್ಲಿ ಮಾತೃ ಫೌಂಡೇಶನ್ ಮಾಡಿ ಅಂಗವಿಕಲ ಮಕ್ಕಳಿಗೆ ನೆಲೆ ಕೊಟ್ಟರು. ದೂರ ಯಾಕೆ, ನಮ್ಮ ಸಿದ್ಧಗಂಗೆ ನೋಡಿಕೊಂಡೇ ಬೆಳೆದವಳಲ್ವಾ ನೀನು. 2019ರ ಜನವರಿಯಲ್ಲಿ ಸ್ವಾಮೀಜಿ ಲಿಂಗೈಕ್ಯರಾದಾಗ ನಾನು ಜನರನ್ನು ಹೊತ್ತುಕೊಂಡು ಕ್ಯಾತ್ಸಂದ್ರಕ್ಕೆ ಬಸ್ ಓಡಿಸಿದೆ. ಸಾಲಿನಲ್ಲಿ ನಿಂತ ಜನಕ್ಕೆ ನೀರು ಕೊಡುತ್ತಿದ್ದವರಲ್ಲಿ ಕಾಲೇಜು ಹುಡುಗರು ಎಷ್ಟೋ ಜನ. ಯಾರು ಯಾರ ಮನೆಯವರೋ.

ಹಾಸ್ಟೆಲ್‌ನಲ್ಲಿ ನಿನ್ನ ಮೊಟ್ಟೆ, ಹಾಲು, ಶೂ, ಎಲ್ಲ ಜನರ ತೆರಿಗೆ ದುಡ್ಡು ಕಣೇ. ಅದರಲ್ಲಿ ನನ್ನ ಬಸ್ಸಲ್ಲಿ ಚಿಲ್ಲರೆ ಎಣಿಸಿ ಟಿಕೆಟ್ ತಗೊಳ್ಳುವ ಕೂಲಿಯವರದ್ದೂ ಇದೆ. ಬುದ್ಧಿ ಹೇಳಲ್ಲ ಅಂದುಕೊಂಡೇ ಕೂತದ್ದು, ನೋಡು ಎಲ್ಲಿಗೆ ಬಂತು.

ನೀನು ಕೆಟ್ಟವಳು ಅಂತ ಹೇಳುತ್ತಿಲ್ಲ. ಡಿಪೋದಲ್ಲಿ ನಿನ್ನ ಫೋಟೋ ಬಂದ ಪೇಪರ್ ಎಲ್ಲರಿಗೂ ತೋರಿಸಿದವನು ನಾನು, ಇನ್ನೂ ಜೇಬಲ್ಲೇ ಇದೆ, ಮಡಿಕೆ ಹರಿದಿದೆ. ನೀನು ತಿರುವು ದಾಟಿ ನೇರಕ್ಕೆ ಬರುವಾಗ ನನಗೆ ಉಸಿರು ನಿಂತ ಹಾಗಾಗುತ್ತೆ. ಆದರೆ ಡಿಸೆಂಬರಿನಲ್ಲಿ ನಾನು ನಿನ್ನ ಪರ ನಿಂತದ್ದು ತಪ್ಪು. ನಿನ್ನೆದುರೇ ಮಾಡಿದ ತಪ್ಪು, ಹಾಗಾಗಿ ನಿನಗೇ ಹೇಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮೇಷ್ಟ್ರಿಗೆ ಫೋನ್ ಮಾಡಿದೆ. ಏನು ಹೇಳಬೇಕು ಅಂತ ಎಲ್ಲ ಜೋಡಿಸಿಕೊಂಡಿದ್ದೆ, "ಸರ್, ಆವತ್ತು ನಾನು..." ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಅವರು ಬೇರೆ ಏನೂ ಕೇಳಲಿಲ್ಲ. "ಮಗು ಯಾವಾಗ ಹೊರಡ್ತಾಳೆ?" ಅಂತ ಕೇಳಿದರು. ನಾಳೆ ಅಂದೆ. ಶನಿವಾರ ನನ್ನ ವೀಕ್ಲಿ ಆಫ್, ಬರಲಾ ಅಂತ ಕೇಳಿದೆ. ಏಳು ಗಂಟೆಗೆ ಬನ್ನಿ, ಹಳೇ ಗ್ಲೌಸ್ ಇದ್ದರೆ ತನ್ನಿ ಅಂದರು.

ನೀನು ಒಂದು ಫೋನ್ ಮಾಡು ಅವರಿಗೆ, ಮೆಜೆಸ್ಟಿಕ್ ತಲುಪುವ ಮುಂಚೆ ಆದರೆ ಒಳ್ಳೇದು. ನಂಬರ್ ಅಮ್ಮನ ಹತ್ತಿರ ಇದೆ. ಚೀಲದ ಪಕ್ಕದ ಜೇಬಿನಲ್ಲಿ ಐನೂರು ರೂಪಾಯಿ ಇದೆ, ಸುಮ್ನೆ ಖರ್ಚು ಮಾಡಬೇಡ. ಭಾನುವಾರ ಸಂಜೆ ಏಳರ ಮೇಲೆ ನನಗೆ ಮಾಡು, ಅಷ್ಟು ಹೊತ್ತಿಗೆ ಬಸ್ ಡಿಪೋಗೆ ಬಿಟ್ಟಿರುತ್ತೇನೆ.

ನಿನ್ನ ಅಪ್ಪ